ಮೂವತ್ತಾರು ಹೆಂಗಸರ ವರದಿ

ಸರ್ವಮಂಗಳ ಬಿ.ಕಾಂ. ಪಾಸು ಮಾಡಿ ಎರಡು ವರ್ಷ ಮನೆಯಲ್ಲೇ ಇದ್ದಳು. ಬ್ಯಾಂಕಿನ ಪರೀಕ್ಷೆ ನಾಲ್ಕು ಸಲ ಬರೆದಳು. ಎರಡು ಸಲ ಇಂಟರ್‌ವ್ಯೂವರೆಗೂ ಹೋಗಿ ಬಂದಳು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಅವಳಿಗೆ ಗೊತ್ತಿರುತ್ತಿತ್ತು, ಬಾಯಿಗೆ ಬರುವ ಹೊತ್ತಿಗೆ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ೧೯೮೨ರಲ್ಲಿ ಕ್ಯಾತ್ಸಂದ್ರದ ಕಡೆ ಹೊಸದಾಗಿ ಶುರುವಾದ ಒಂದು ಕಾಲೇಜಿನವರು ಎಂ.ಬಿ.ಎ.ಗೆ ಅರ್ಜಿ ಕರೆದಿದ್ದಾರೆಂದು ಪೇಪರಿನಲ್ಲಿ ನೋಡಿ ಅರ್ಜಿ ಹಾಕಿದಳು. ಆ ಮೂರು ಅಕ್ಷರ ಆಗ ಗುಬ್ಬಿಯಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ.

"ಏನ್ ಓದದು ಅದು?" ಎಂದು ಅವಳ ತಾಯಿ ಗಂಗಾಂಬಿಕೆ ಕೇಳಿದಳು.

"ಕಾರ್ಖಾನೆ, ಕಂಪನಿ ಇವನ್ನೆಲ್ಲ ಹೆಂಗೆ ನಡೆಸ್ಬೇಕು ಅಂತ ಕಲಿಸ್ತಾರಮ್ಮ."

"ಅದನ್ನೂ ಕಲೀಬೇಕಾ? ನಡೀತಾನೇ ಐತಲ್ಲ."

ಗಂಗಾಂಬಿಕೆ ಹಾಗೆಂದದ್ದು ತಾನು ಕೆಲಸ ಮಾಡುತ್ತಿದ್ದ ನಾರಿನ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಗುಬ್ಬಿ ಸ್ಟೇಷನ್ನಿನ ಹಿಂದೆ ತಗಡಿನ ಉದ್ದನೆಯ ಶೆಡ್ಡು. ಅದರೊಳಗೆ ಹನ್ನೆರಡು ರಾಟೆ, ರಾಟೆಗೆ ಮೂವರಂತೆ ಮೂವತ್ತಾರು ಹೆಂಗಸರು. ಸರದಿಯ ಮೇಲೆ ಒಬ್ಬಳು ಕೂತು ರಾಟೆ ತಿರುಗಿಸಿದರೆ ಇಬ್ಬರು ಸೊಂಟಕ್ಕೆ ತೆಂಗಿನ ನಾರಿನ ಮಡಿಲು ಕಟ್ಟಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹುರಿ ಹೊಸೆಯಬೇಕು. ಗಂಡ ತೀರಿಕೊಂಡ ವರ್ಷ ಗಂಗಾಂಬಿಕೆ ಅಲ್ಲಿ ಸೇರಿದ್ದಳು. ಆಗ ಸರ್ವಮಂಗಳನಿಗೆ ಹತ್ತು ತಿಂಗಳು. ಮಗುವನ್ನು ನಾರಿನ ರಾಶಿಯ ಮೇಲೆ ಮಲಗಿಸಿ ಕೆಲಸ ಮಾಡಿದ್ದಳು. ಮಗು ಅತ್ತರೆ ಹತ್ತಿರವಿದ್ದವರು ಎತ್ತಿಕೊಳ್ಳುತ್ತಿದ್ದರು. ಹೆಚ್ಚಾಗಿ ಎತ್ತಿಕೊಂಡವಳು ಅದೇ ರಾಟೆಯ ನರಸಿಂಹಮ್ಮ. ಮಕ್ಕಳಿಲ್ಲದವಳು, ಗಂಡ ಬಿಟ್ಟುಹೋದವಳು. ಸರ್ವಮಂಗಳನಿಗೆ ನಡೆಯಲು ಕಲಿಸಿದ್ದು ತಾನೇ ಎಂದು ಅವಳು ಎಲ್ಲರ ಹತ್ತಿರ ಹೇಳುತ್ತಿದ್ದಳು. "ನಾವೆಲ್ಲ ಹಿಂದ್ಹಿಂದಕ್ಕೆ ನಡಿಯೋರು, ಇವ್ಳೊಬ್ಳು ಮುಂದಕ್ಕೆ ನಡದ್ಲು ಕಣ್ರೇ" ಎಂದು ನಗುತ್ತಿದ್ದಳು.

ಕಾಲೇಜಿನ ಆಯ್ಕೆಗೆ ಹೋದ ದಿನ ಎಂಟೆಂಟು ಜನರನ್ನು ದುಂಡಗೆ ಕೂರಿಸಿ ಚರ್ಚೆ ಮಾಡಿ ಎಂದರು. ಟೈ ಕಟ್ಟಿದ್ದ ಹುಡುಗರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಮಾತಾಡಿದರು. ಸರ್ವಮಂಗಳನ ಬಾಯಿಂದ ಒಂದು ಮಾತೂ ಬರಲಿಲ್ಲ. ಮುಗಿದ ಮೇಲೆ ವಿಭಾಗದ ಮುಖ್ಯಸ್ಥರಾದ ವೆಂಕಟೇಶಯ್ಯ ಮೇಷ್ಟ್ರು ಅವಳ ಅರ್ಜಿ ತಿರುವಿ, ಬೇಸರದಿಂದಲೇ ಕೇಳಿದರು: "ಯಾವತ್ತಾದ್ರೂ ಒಂದು ಫ್ಯಾಕ್ಟರಿ ಒಳಗಡೆ ಕಾಲಿಟ್ಟಿದೀಯೇನಮ್ಮ?"

"ಬೆಳೆದಿದ್ದೇ ಅಲ್ಲಿ ಸಾರ್" ಎಂದಳು.

ಮೇಷ್ಟ್ರು ತಲೆಯೆತ್ತಿ ನೋಡಿದರು. ಪಕ್ಕದಲ್ಲಿ ಕೂತಿದ್ದ ಇನ್ನಿಬ್ಬರು ನಕ್ಕರು. ಹತ್ತೊಂಬತ್ತು ಸೀಟಿನಲ್ಲಿ ಹತ್ತೊಂಬತ್ತನೆಯದು ಅವಳಿಗೆ ಸಿಕ್ಕಿತು. ಸ್ಕಾಲರ್‌ಷಿಪ್ ಕೂಡ ಬಂತು.

ದಿನಾ ಬೆಳಿಗ್ಗೆ ಗುಬ್ಬಿಯಲ್ಲಿ ಪ್ಯಾಸೆಂಜರ್ ಹತ್ತಿ ಕ್ಯಾತ್ಸಂದ್ರದಲ್ಲಿ ಇಳಿಯುವಳು. ಮೊದಲ ಆರು ತಿಂಗಳು ನರಕ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಪುಸ್ತಕಗಳಲ್ಲಿದ್ದ ಕಂಪನಿಗಳೆಲ್ಲ ಅಮೆರಿಕದವು. ಕೇಸ್ ಸ್ಟಡಿ ಎಂದು ಕೊಟ್ಟ ಹಾಳೆಗಳಲ್ಲಿ ಯಾರೋ ಒಬ್ಬ ಉಪಾಧ್ಯಕ್ಷ ಸೋಪಿನ ಬೆಲೆ ಇಳಿಸಬೇಕೇ ಬೇಡವೇ ಎಂದು ಒದ್ದಾಡುತ್ತಿದ್ದ. ಸರ್ವಮಂಗಳ ಟ್ರೈನಿನಲ್ಲಿ ಡಿಕ್ಷನರಿ ಇಟ್ಟುಕೊಂಡು ಒಂದೊಂದು ಪದದ ಮೇಲೂ ಪೆನ್ಸಿಲ್ಲಿನಲ್ಲಿ ಕನ್ನಡದ ಅರ್ಥ ಬರೆಯುತ್ತಿದ್ದಳು. ತರಗತಿಯಲ್ಲಿ ಇನ್ನೊಬ್ಬಳು ಹುಡುಗಿ ಇದ್ದಳು, ಎರಡನೇ ಟರ್ಮಿಗೆ ಮದುವೆಯಾಗಿ ಹೋದಳು. ಹುಡುಗರು ಕೆಟ್ಟವರಲ್ಲ. ಆದರೆ ಅವರು ಆಗಲೇ ಮ್ಯಾನೇಜರುಗಳ ಹಾಗೆ ಮಾತಾಡುತ್ತಿದ್ದರು, ಇವಳಿಗೆ ಅದು ಬರುತ್ತಿರಲಿಲ್ಲ.

ಎರಡನೇ ವರ್ಷ ಕೆಲಸದ ಅಧ್ಯಯನ ಎಂಬ ವಿಷಯ ಬಂತು. ಒಂದು ಕೆಲಸವನ್ನು ಸಣ್ಣ ಸಣ್ಣ ಚಲನೆಗಳಾಗಿ ಒಡೆಯುವುದು, ಒಂದೊಂದಕ್ಕೂ ಎಷ್ಟು ಸೆಕೆಂಡು ಹಿಡಿಯುತ್ತದೆಂದು ಸ್ಟಾಪ್‌ವಾಚಿನಲ್ಲಿ ನೋಡುವುದು, ಯಾವುದು ವ್ಯರ್ಥ ಎಂದು ಕಂಡುಹಿಡಿಯುವುದು. ಅದನ್ನು ಓದುವಾಗ ಮಾತ್ರ ಅವಳಿಗೆ ಡಿಕ್ಷನರಿ ಬೇಕಾಗಲಿಲ್ಲ. ಕಣ್ಣ ಮುಂದೆ ಆ ಶೆಡ್ಡು, ನಾರು ಎಳೆದುಕೊಡುವ ಬೆರಳುಗಳು, ಹಿಂದಕ್ಕೆ ಸರಿಯುವ ಹೆಜ್ಜೆಗಳು ಬರುತ್ತಿದ್ದವು. ಆ ಪೇಪರಿನಲ್ಲಿ ತರಗತಿಗೆಲ್ಲ ಅವಳೇ ಮೊದಲು. ಕೊನೆಯ ಟರ್ಮಿನಲ್ಲಿ ಪ್ರತಿಯೊಬ್ಬರೂ ಒಂದು ಸಂಸ್ಥೆಯನ್ನು ಅಭ್ಯಾಸ ಮಾಡಿ ಪ್ರಾಜೆಕ್ಟ್ ವರದಿ ಬರೆಯಬೇಕಿತ್ತು. ತಾನು ಯಾವುದನ್ನು ಬರೆಯಬೇಕೆಂದು ಅವಳು ಯೋಚಿಸಲೇ ಇಲ್ಲ.

ಕಾರ್ಖಾನೆಯ ಯಜಮಾನ ಪಟ್ಟಾಭಿರಾಮ ತುಮಕೂರಿನಲ್ಲಿದ್ದರು. ವಾರಕ್ಕೆ ಎರಡು ಸಲ ಗುಬ್ಬಿಗೆ ಬರುವರು. ಮೃದು ಮಾತಿನ ಮನುಷ್ಯ, ಕೂಲಿಯವರನ್ನೂ ಬಹುವಚನದಲ್ಲೇ ಮಾತಾಡಿಸುವವರು. ಕುಣಿಗಲ್ಲಿನಲ್ಲಿ ಯಂತ್ರದ ಹೊಸ ಘಟಕ ಹಾಕುವ ಓಡಾಟದಲ್ಲಿದ್ದರು. ಸರ್ವಮಂಗಳ ತಂದ ಅನುಮತಿ ಪತ್ರವನ್ನು ಓದಿ ಸಂತೋಷಪಟ್ಟರು. "ಗಂಗಾಂಬಿಕೆ ಮಗಳು ಎಂ.ಬಿ.ಎ. ಮಾಡ್ತಿದೀರಾ! ಭೇಷ್. ಮಾಡಿ, ಯಾರೂ ಅಡ್ಡಿ ಮಾಡಲ್ಲ. ಆದ್ರೆ ಒಂದು ಕಾಪಿ ನನಗೆ ಕೊಡ್ಬೇಕಮ್ಮ" ಎಂದು ರುಜು ಹಾಕಿದರು.

೧೯೮೪ರ ಜನವರಿಯಲ್ಲಿ ಅವಳು ಮೂರು ವಾರ ಶೆಡ್ಡಿನಲ್ಲಿ ಕೂತಳು. ಕಾಲೇಜಿನ ಸ್ಟಾಪ್‌ವಾಚನ್ನು ಕೊರಳಿಗೆ ಹಾಕಿಕೊಂಡು ಹೋದ ಮೊದಲ ದಿನ ಹೆಂಗಸರಿಗೆ ನಗುವೋ ನಗು.

"ಅಯ್ಯೋ, ನಮ್ ಮಂಗಳಿ ಡಾಕ್ಟ್ರಾಗಿ ಬಂದವ್ಳೆ, ನಾಡಿ ನೋಡ್ತಾಳಂತೆ!"

"ನನ್ನ ನೋಡೇ ಮೊದ್ಲು. ಇವಳ್ದೇನ್ ನೋಡ್ತೀಯ, ಎಮ್ಮೆ ಹಂಗೆ ನಡೀತಾಳೆ."

ಅವರು ಅವಳಿಂದ ಏನನ್ನೂ ಮುಚ್ಚಿಡಲಿಲ್ಲ. ನಾರು ಒದ್ದೆಯಿದ್ದರೆ ಎಷ್ಟು ಹೊತ್ತು, ಒಣಗಿದ್ದರೆ ಎಷ್ಟು ಹೊತ್ತು, ಬೆರಳು ಸೀಳಿದರೆ ಯಾವ ಎಣ್ಣೆ ಎಲ್ಲವನ್ನೂ ಹೇಳಿದರು. ಅವಳು ಬಾಗಿಲಿನ ಕಡೆಯಿಂದ ರಾಟೆಗಳ ಸಾಲಿನಂತೆ ಹೆಂಗಸರಿಗೆ ಒಂದರಿಂದ ಮೂವತ್ತಾರರವರೆಗೆ ನಂಬರು ಕೊಟ್ಟಳು. ನಾಲ್ಕನೇ ರಾಟೆಯ ಮೂವರು ಹತ್ತು, ಹನ್ನೊಂದು, ಹನ್ನೆರಡು. ಹನ್ನೊಂದು ಅವಳ ತಾಯಿ. ಹನ್ನೆರಡು ನರಸಿಂಹಮ್ಮ.

ಎರಡನೇ ವಾರದಲ್ಲಿ ಲೆಕ್ಕ ತಪ್ಪತೊಡಗಿತು. ಸಂಜೆ ಪ್ರತಿ ಹೆಂಗಸೂ ಹತ್ತು ಕಟ್ಟು ಹುರಿ ಒಪ್ಪಿಸಬೇಕಿತ್ತು. ಯಾರ ಕಟ್ಟು ಯಾವುದೆಂದು ಗುರುತು ಸಿಗಲು ಒಬ್ಬೊಬ್ಬರೂ ತಮ್ಮ ಹಳೆಯ ಸೀರೆಯ ಚಿಂದಿಯನ್ನು ಕಟ್ಟಿಗೆ ಬಿಗಿಯುತ್ತಿದ್ದರು. ನರಸಿಂಹಮ್ಮನದು ನೀಲಿ ಚೌಕಳಿ. ಸಂಜೆ ನೀಲಿ ಚೌಕಳಿಯ ಕಟ್ಟು ಹತ್ತಕ್ಕೆ ಹತ್ತೂ ಇರುತ್ತಿದ್ದವು. ಆದರೆ ಸ್ಟಾಪ್‌ವಾಚಿನ ಪ್ರಕಾರ ನರಸಿಂಹಮ್ಮ ಇಡೀ ದಿನ ರಾಟೆ ಬಿಟ್ಟು ಏಳುತ್ತಲೇ ಇರಲಿಲ್ಲ, ಒಂದು ಮೊಳ ಹುರಿಯನ್ನೂ ಹೊಸೆಯುತ್ತಿರಲಿಲ್ಲ.

ಆ ದಿನ ಮನೆಗೆ ಹೋಗುವ ದಾರಿಯಲ್ಲಿ ತಾಯಿಯನ್ನು ಕೇಳಿದಳು.

"ಅವಳ ಕಣ್ಣು ಮಬ್ಬಾಗಿ ಮೂರು ವರ್ಸ ಆಯ್ತು ಕಣೇ" ಎಂದಳು ಗಂಗಾಂಬಿಕೆ. "ಹೊಸೆದ್ರೆ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಬತ್ತದೆ. ಅದ್ಕೇ ರಾಟೆ ತಿರುಗಿಸ್ಕೊಂಡಿರು ಅಂದ್ವಿ. ಅವಳ ಚಿಂದಿ ನಮ್ಮೆಲ್ಲರ ಸೊಂಟದಾಗೂ ಇರ್ತದೆ. ಒಬ್ಬೊಬ್ರು ಒಂದೊಂದು ಕಟ್ಟಿಗೆ ಬಿಗೀತೀವಿ."

"ಇನ್ನೂ ಯಾರಿಗಾದ್ರೂ ಹಿಂಗೆ ಮಾಡ್ತೀರಾ?"

"ಮಾಡ್ದೆ ಇನ್ನೇನು? ಕೆಮ್ಮಿನವಳು ಒಬ್ಳು ಅವ್ಳೆ. ಬಸುರಿ ನಾಕ್ ಜನ. ಬಾಣಂತನಕ್ಕೆ ಹೋದೋರು ಮೂವರು, ಅವರ ಹೆಸರು ಬಿಟ್ಟೋಗಬಾರದಲ್ಲ, ಅವರ ಕಟ್ಟೂ ನಾವೇ ಒಪ್ಪಿಸ್ತೀವಿ. ಈಗ ಸ್ವಲ್ಪ ಜಾಸ್ತಿ ಜನ ಆಗವ್ರೆ, ನಾನು ದಿನಕ್ಕೆ ಹದಿನಾರು ಹೊಸೀತಿದೀನಿ." ಗಂಗಾಂಬಿಕೆ ನಾಲ್ಕು ಹೆಜ್ಜೆ ನಡೆದು ನಿಂತಳು. "ಇದನ್ನ ಬರ್ಕೊಂಬುಟ್ಯಾ?"

"ಹೆಸರು ಬರೆಯಲ್ಲಮ್ಮ. ನಂಬರು ಅಷ್ಟೇ."

"ನಂಬರಾದ್ರೆ ಸರಿ ಬುಡು."

ಮೊದಲ ಕರಡಿನಲ್ಲಿ ಸರ್ವಮಂಗಳ ಆ ವಿಷಯ ಬರೆಯಲಿಲ್ಲ. ರಾಟೆಯ ಎತ್ತರ, ಶೆಡ್ಡಿನ ಬೆಳಕು, ನಾರು ಸಾಗಿಸುವ ದೂರ ಇಷ್ಟೇ ಬರೆದು ಕೊಟ್ಟಳು. ವೆಂಕಟೇಶಯ್ಯ ಮೇಷ್ಟ್ರು ಒಂದು ವಾರ ಇಟ್ಟುಕೊಂಡು ವಾಪಸು ಕೊಟ್ಟರು. ಬೇರೊಂದು ಊರಿನ ಕಾಲೇಜಿನಲ್ಲಿ ರಿಟೈರಾಗಿ ಇಲ್ಲಿಗೆ ಬಂದಿದ್ದವರು. ಮೊದಲ ಬ್ಯಾಚಿನ ವರದಿಗಳನ್ನು ನೋಡಲು ಹೊರಗಿನಿಂದ ಪರೀಕ್ಷಕರು ಬರುತ್ತಾರೆಂಬ ಭಯ ಅವರಿಗಿತ್ತು.

"ಚೆನ್ನಾಗಿ ಬರ್ದಿದೀಯ, ಆದ್ರೆ ಇದು ವರ್ಣನೆ ಆಯ್ತಮ್ಮ. ಫೈಂಡಿಂಗ್ ಎಲ್ಲಿ? ಮೂರು ವಾರ ಕೂತು ನೀನು ಕಂಡುಹಿಡಿದಿದ್ದು ಏನು? ಯಜಮಾನನಿಗೆ ಗೊತ್ತಿಲ್ಲದೆ ಇರೋದು ಏನಾದ್ರೂ ಒಂದು ಹೇಳು."

ಎರಡು ವರ್ಷದಲ್ಲಿ ಯಾರೂ ಅವಳನ್ನು ನೀನು ಏನು ಕಂಡುಹಿಡಿದೆ ಎಂದು ಕೇಳಿರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು, ವಾಚಿನ ಪ್ರಕಾರ ಒಬ್ಬೊಬ್ಬರೂ ಹೊಸೆದದ್ದು ಎಷ್ಟು, ಸಂಜೆ ಅವರ ಗುರುತಿನಲ್ಲಿ ಒಪ್ಪಿಸಿದ್ದು ಎಷ್ಟು ಎಂಬ ಎರಡು ಸಾಲನ್ನು ತೋರಿಸಿದಳು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಇದನ್ನ ಯಾಕಮ್ಮ ಬಚ್ಚಿಟ್ಟಿದ್ದೆ? ಇದೇ ನಿನ್ನ ವರದಿ!" ಎಂದರು. ಅವರ ದನಿಯಲ್ಲಿದ್ದ ಸಂತೋಷ ನಿಜವಾದದ್ದು. ಅದು ಅವಳನ್ನೂ ಮುಟ್ಟಿತು.

ಅವಳು ಮತ್ತೆ ಬರೆದಳು. ಈ ಹೆಂಗಸರು ಒಬ್ಬರ ಭಾರವನ್ನು ಒಬ್ಬರು ಹಂಚಿಕೊಂಡಿದ್ದಾರೆ, ಇದರಿಂದ ಕಾರ್ಖಾನೆಗೆ ಒಂದು ಕಟ್ಟೂ ನಷ್ಟವಾಗಿಲ್ಲ, ಇದನ್ನು ಮ್ಯಾನೇಜ್‌ಮೆಂಟ್ ಕಲಿಯಬೇಕು ಎಂದು ಒಂದು ಪ್ಯಾರಾ ಬರೆದಿದ್ದಳು. ಮೇಷ್ಟ್ರು ಅದರ ಮೇಲೆ ಕೆಂಪು ಗೆರೆ ಎಳೆದರು. "ಭಾವನೆ ಬೇಡ. ಶಿಫಾರಸು ಬರಿ. ಪರೀಕ್ಷಕರು ಕೇಳೋದು ಅದನ್ನೇ." ಶಿಫಾರಸುಗಳು ಪುಸ್ತಕದಲ್ಲೇ ಇದ್ದವು, ಅವಳು ನಂಬರು ತುಂಬಬೇಕಿತ್ತಷ್ಟೆ. ಉತ್ಪಾದನೆಯಿಲ್ಲದ ಕೆಲಸಗಾರರು ಒಂಬತ್ತು. ಸತತವಾಗಿ ಸಾಧಿಸಬಹುದೆಂದು ಸಿದ್ಧವಾದ ಪ್ರಮಾಣ, ಕೆಲಸಗಾರ ನಂಬರ್ ಹನ್ನೊಂದರ ಆಧಾರದ ಮೇಲೆ, ದಿನಕ್ಕೆ ಹದಿನಾರು ಕಟ್ಟು. ಇದು ಮಾರ್ಕಿಗೆ, ಲೈಬ್ರರಿಯ ಬೀರುವಿನಲ್ಲಿ ಕೂರುವ ಪುಸ್ತಕ ಎಂದುಕೊಂಡಳು. ಯಜಮಾನರಿಗೆ ಒಂದು ಕಾಪಿ ಕೊಡಬೇಕೆಂಬುದು ನೆನಪಿರಲಿಲ್ಲವೆಂದಲ್ಲ. ಅವರು ಹೊಸ ಘಟಕದ ಗಡಿಬಿಡಿಯಲ್ಲಿ ಎಪ್ಪತ್ತೆರಡು ಪುಟ ಇಂಗ್ಲಿಷು ಓದುತ್ತಾರೆಂದು ಅವಳಿಗೆ ಅನ್ನಿಸಲಿಲ್ಲ.

ತುಮಕೂರಿನಲ್ಲಿ ಟೈಪು ಮಾಡಿಸಿ, ಕೆಂಪು ರೆಕ್ಸಿನ್ನಿನ ರಟ್ಟು ಹಾಕಿಸಿ, ಮೇಲೆ ಚಿನ್ನದ ಬಣ್ಣದಲ್ಲಿ ತನ್ನ ಹೆಸರು ಒತ್ತಿಸಿದಳು. ಹೊರಗಿನಿಂದ ಬಂದ ಪರೀಕ್ಷಕರು ಇಡೀ ಬ್ಯಾಚಿನಲ್ಲಿ ಇದೊಂದೇ ಕೆಲಸಕ್ಕೆ ಬರುವ ವರದಿ ಎಂದರು. ನೂರಕ್ಕೆ ತೊಂಬತ್ತೊಂದು. ಟೈ ಕಟ್ಟಿದ ಹುಡುಗರು ಎದ್ದು ಬಂದು ಕೈಕುಲುಕಿದರು.

ಒಂದು ಕಾಪಿಯನ್ನು ಅವಳೇ ಪಟ್ಟಾಭಿರಾಮರ ಮೇಜಿನ ಮೇಲಿಟ್ಟು ನಮಸ್ಕಾರ ಮಾಡಿ ಬಂದಳು. ಇನ್ನೊಂದನ್ನು ಶೆಡ್ಡಿಗೆ ತಂದಳು. ಗಂಗಾಂಬಿಕೆ ಕೈ ಒರೆಸಿಕೊಂಡು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ಕೈಯಿಂದ ಕೈಗೆ ಹೋಗಿ ಅದು ನರಸಿಂಹಮ್ಮನ ಹತ್ತಿರ ಬಂತು. ಅವಳು ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಇದ್ರಾಗೆ ನಾನೂ ಇದೀನಾ?"

"ಇದೀಯ ಅಜ್ಜಿ."

"ಎಲ್ಲಾರ ಜೊತೇಗಾ?"

"ಹೂಂ, ಎಲ್ಲಾರ ಜೊತೇಗೇ" ಎಂದಳು ಸರ್ವಮಂಗಳ. ಪುಸ್ತಕವನ್ನು ಮುದುಕಿಯ ಕೈಯಿಂದ ಬೇಗ ವಾಪಸು ತೆಗೆದುಕೊಂಡಳು. ಆಮೇಲೆ ಎಷ್ಟೋ ದಿನ ಆ ಕ್ಷಣ ನೆನಪಿಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಪುಸ್ತಕ ತುಮಕೂರಿನ ಮೇಜಿನ ಮೇಲೆ ಎರಡು ದಿನದಿಂದ ಇತ್ತು.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಪಟ್ಟಾಭಿರಾಮ ಶೆಡ್ಡಿಗೆ ಬಂದರು. ಕೈಯಲ್ಲಿ ಕೆಂಪು ಪುಸ್ತಕ. ಬಾಗಿಲಿನಿಂದ ಶುರುಮಾಡಿ ರಾಟೆಗಳನ್ನು ಪೆನ್ಸಿಲ್ಲಿನಿಂದ ಎಣಿಸಿದರು. ನಾಲ್ಕನೆಯ ರಾಟೆಯ ಎದುರು ಕುರ್ಚಿ ಹಾಕಿಸಿಕೊಂಡು ಸಂಜೆಯವರೆಗೂ ಕೂತರು. ಸಂಜೆ ಕಟ್ಟು ಒಪ್ಪಿಸುವಾಗ ಯಾರ ಸೊಂಟದಿಂದಲೂ ನೀಲಿ ಚಿಂದಿ ಹೊರಗೆ ಬರಲಿಲ್ಲ. ನರಸಿಂಹಮ್ಮನ ಮುಂದೆ ನೆಲ ಖಾಲಿ ಇತ್ತು. ಅವಳಿಗೆ ಅದು ಕಾಣದೆ, "ಎಷ್ಟಾಯ್ತೇ ನಂದು?" ಎಂದು ಎಂದಿನಂತೆ ಕೇಳಿದಳು.

ಸೋಮವಾರ ಒಂಬತ್ತು ಜನಕ್ಕೆ ಇನ್ನು ಬರಬೇಡಿ ಎಂದು ಹೇಳಿದರು. ನರಸಿಂಹಮ್ಮ, ಕೆಮ್ಮಿನವಳು, ಬಸುರಿಯರು, ಬಾಣಂತನಕ್ಕೆ ಹೋದವರು. ಉಳಿದವರು ದಿನಕ್ಕೆ ಹದಿನಾರು ಕಟ್ಟು ಒಪ್ಪಿಸಬೇಕು. ಯಾಕೆ ಹದಿನಾರು ಎಂದು ಒಬ್ಬಳು ಧೈರ್ಯ ಮಾಡಿ ಕೇಳಿದಳು. ಪಟ್ಟಾಭಿರಾಮ ಗಂಗಾಂಬಿಕೆಯ ಕಡೆ ಕೈ ತೋರಿಸಿ, "ಇವ್ರು ಮಾಡ್ತಿಲ್ವೇನಮ್ಮ? ಇವ್ರೇನು ನಿಮಗಿಂತ ಚಿಕ್ಕೋರಾ?" ಎಂದರು.

ಮಾರನೆಯ ದಿನವೇ ಸರ್ವಮಂಗಳ ತುಮಕೂರಿಗೆ ಹೋಗಿ ಅವರ ಎದುರು ನಿಂತಳು. ಪಟ್ಟಾಭಿರಾಮ ಕೂರಲು ಹೇಳಿದರು, ಕಾಫಿ ತರಿಸಿದರು.

"ಸಾರ್, ಅವರಿಂದ ನಿಮಗೆ ಒಂದು ಕಟ್ಟೂ ಕಮ್ಮಿ ಆಗಿಲ್ಲ. ಮೂವತ್ತಾರು ಜನಕ್ಕೆ ಮುನ್ನೂರ ಅರವತ್ತು ಬರ್ಬೇಕಿತ್ತು, ಬರ್ತಾ ಇತ್ತು."

"ಈಗ ಇಪ್ಪತ್ತೇಳು ಜನಕ್ಕೆ ನಾನೂರ ಮೂವತ್ತೆರಡು ಬರುತ್ತಲ್ಲಮ್ಮ. ನಿಮ್ಮ ಪುಟ ಅರವತ್ತೊಂದರಲ್ಲಿ ನೀವೇ ಗುಣಿಸಿದೀರ."

"ಆ ಹದಿನಾರು ದಿನಾ ಆಗೋದಲ್ಲ ಸಾರ್. ಆ ಮೂರು ವಾರ ಹೊಸಿಯೋರು ಕಮ್ಮಿ ಇದ್ರು, ಅದಕ್ಕೆ ಅಮ್ಮ ಕಷ್ಟಪಟ್ಟು..."

"ಸತತವಾಗಿ ಸಾಧ್ಯ ಅಂತ ಬರ್ದಿದೀರ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಿ, ಮೂರು ವರ್ಷ ಅವರೆಲ್ಲ ಸೇರ್ಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದಾರೆ. ನಾನು ಒಬ್ರ ಮೇಲೂ ಕೂಗಾಡಿಲ್ಲ. ನಿಮ್ಮ ಮೇಲೆ ನನಗೆ ಗೌರವ ಇದೆ. ತಾಯಿ ಅಂತ ನೋಡ್ದೆ ಸತ್ಯ ಬರ್ದಿದೀರ. ಕುಣಿಗಲ್ ಘಟಕಕ್ಕೆ ಅಸಿಸ್ಟೆಂಟ್ ಮ್ಯಾನೇಜರ್ ಬೇಕು. ಯೋಚನೆ ಮಾಡಿ."

ಅವಳು ಕಾಫಿ ಮುಟ್ಟದೆ ಎದ್ದು ಬಂದಳು. ಅಲ್ಲಿಂದ ನೇರವಾಗಿ ಮರಳೂರಿನಲ್ಲಿದ್ದ ವೆಂಕಟೇಶಯ್ಯನವರ ಮನೆಗೆ ಹೋದಳು. ವರದಿಯಲ್ಲಿ ತಪ್ಪಿದೆ, ಹದಿನಾರು ಎಂಬುದು ಸರಿಯಾದ ಪ್ರಮಾಣವಲ್ಲ ಎಂದು ಒಂದು ಕಾಗದ ಬರೆದುಕೊಡಿ ಎಂದು ಕೇಳಿದಳು. ಮೇಷ್ಟ್ರು ಜಗುಲಿಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದರು. ಎಲ್ಲ ಕೇಳಿ ಮುಖ ಸಣ್ಣದು ಮಾಡಿಕೊಂಡರು.

"ಪರೀಕ್ಷಕರು ಒಪ್ಪಿ ಮಾರ್ಕ್ಸ್ ಕೊಟ್ಟಾಗಿದೆ. ಈಗ ತಪ್ಪು ಅಂದ್ರೆ ನಿನ್ನ ಡಿಗ್ರಿನೇ ನಿಂತುಹೋಗುತ್ತೆ."

"ನಿಂತ್ರೆ ನಿಲ್ಲಲಿ ಸಾರ್."

"ನಿಂತ್ರೆ ಅವರಿಗೆ ಕೆಲಸ ವಾಪಸ್ ಬರುತ್ತೇನಮ್ಮ? ಅವನಿಗೆ ಬೇಕಾದ್ದು ಅವನಿಗೆ ಗೊತ್ತಾಯ್ತು. ಇನ್ನು ಕಾಗದ ಯಾಕೆ ಅವನಿಗೆ?" ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ ಅಂದರು: "ನನ್ನ ಕೈ ಕೆಳಗೆ ಅರವತ್ತು ವರದಿ ಬರ್ಸಿದೀನಿ. ಒಂದನ್ನೂ ಯಾರೂ ಓದಿರಲಿಲ್ಲ. ಓದ್ತಾರೆ ಅಂತ ನನಗೂ ಹೊಳೀಲಿಲ್ಲ."

ಗಂಗಾಂಬಿಕೆ ಹದಿನಾರು ಕಟ್ಟು ಹೊಸೆಯಲು ಐದು ವಾರ ಹೆಣಗಿದಳು. ಬೇರೆಯವರಿಗೆ ಹೊಸೆದಾಗ ಆಗುತ್ತಿದ್ದದ್ದು ಈಗ ಆಗಲಿಲ್ಲ. ಹನ್ನೆರಡು, ಹದಿಮೂರಕ್ಕೆ ಕೈ ನಿಲ್ಲುತ್ತಿತ್ತು. ಬೆರಳ ಸಂದುಗಳು ಸೀಳಿ ನಾರಿಗೆ ರಕ್ತದ ಕಲೆ ಹತ್ತುತ್ತಿತ್ತು. ಪಕ್ಕದವಳು ಒಂದು ಕಟ್ಟು ದೂಡಿ ಕೊಡುವ ಕಾಲ ಹೋಗಿತ್ತು. ಎಲ್ಲರೂ ತಮ್ಮ ತಮ್ಮ ಹದಿನಾರಕ್ಕೆ ಓಡುತ್ತಿದ್ದರು. ಶೆಡ್ಡಿನಲ್ಲಿ ಮಾತು ನಿಂತಿತ್ತು. ಬೀದಿಯ ನಲ್ಲಿಯ ಹತ್ತಿರ ಗಂಗಾಂಬಿಕೆ ಬಿಂದಿಗೆ ಇಟ್ಟರೆ ಉಳಿದವರು ಸುಮ್ಮನಾಗುತ್ತಿದ್ದರು. ಒಬ್ಬಳು ಮಾತ್ರ ಎದುರಿಗೇ ಅಂದಳು: "ಮಗಳ್ನ ಓದಿಸಿದ್ದು ನೀನೊಬ್ಳೆ ಅಂದ್ಕೊಂಡಿದ್ಯಾ ಗಂಗಕ್ಕ? ಅವಳ ಪರೀಕ್ಸೆ ಬಂದಾಗೆಲ್ಲ ನಿನ್ನ ಮನೆಗೆ ಬೇಗ ಕಳಿಸಿ ನಿನ್ನ ಕಟ್ಟು ಹೊಸೆದೋರು ನಾವು."

ಆರನೆಯ ವಾರ ಗಂಗಾಂಬಿಕೆಯೇ ಕೆಲಸ ಬಿಟ್ಟಳು. ಯಾರದೋ ಹಜಾರದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸಕ್ಕೆ ಹೋಗತೊಡಗಿದಳು. ಸೀಳಿದ ಬೆರಳಿಗೆ ಹುಳಿ ಹತ್ತಿ ಉರಿಯುತ್ತಿತ್ತು. ಮಗಳನ್ನು ಒಂದು ದಿನವೂ ಬೈಯಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಸರ್ವಮಂಗಳನಿಗೆ ಅನ್ನಿಸುತ್ತಿತ್ತು.

"ಅಮ್ಮ, ಅದು ಹಿಂಗಾಗುತ್ತೆ ಅಂತ ನಂಗೆ ಗೊತ್ತಿರಲಿಲ್ಲ."

"ನಂಗೂ ಗೊತ್ತಿರಲಿಲ್ಲ. ನಂಬರು ಅಂದ್ಯಲ್ಲ, ಅದ್ರಲ್ಲೇನು ಅಂದ್ಕಂಡೆ." ಗಂಗಾಂಬಿಕೆ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಕುಣಿಗಲ್ ಕೆಲಸ ಕೊಡ್ತೀನಿ ಅಂದ್ರಂತಲ್ಲ, ಹೋಗು."

"ಅವರ ಹತ್ರ ಹೆಂಗಮ್ಮ ಹೋಗ್ಲಿ?"

"ಇನ್ಯಾರ ಹತ್ರ ಹೋಗ್ತೀಯ? ಇದನ್ನ ಓದಾಕ್ ಮುಂಚೆ ಎಲ್ಡು ವರ್ಸ ಕೆಲಸಕ್ಕೆ ಅಲ್ದಿದೀಯಲ್ಲ. ಮನೇಲಿ ಕೂತ್ರೆ ನರಸಿಂಹಕ್ಕಂಗೆ ಕಣ್ಣು ಬತ್ತದಾ?"

ಸರ್ವಮಂಗಳ ಒಪ್ಪಿಕೊಂಡಳು, ಒಂದು ಷರತ್ತಿನ ಮೇಲೆ. ನರಸಿಂಹಮ್ಮನಿಗೆ ಕುಣಿಗಲ್ಲಿನಲ್ಲಿ ಕಸ ಗುಡಿಸುವುದೋ ನಾರು ಹರವುವುದೋ ಏನಾದರೂ ಕೆಲಸ ಕೊಡಬೇಕು. "ಒಬ್ರು ತಾನೆ, ಕರ್ಕೊಂಡ್ ಬನ್ನಿ" ಎಂದರು ಪಟ್ಟಾಭಿರಾಮ, ಎರಡನೇ ಸಲ ಯೋಚಿಸದೆ. ಅಷ್ಟು ಸುಲಭವಾಗಿ ಸಿಕ್ಕಿದ್ದು ಅವಳಿಗೆ ಅವಮಾನದಂತೆ ತಾಗಿತು. ಉಳಿದ ಎಂಟು ಜನಕ್ಕೂ ಕೆಲಸ ಯಾಕೆ ಕೇಳಲಿಲ್ಲ ಎಂದು ಆಮೇಲೆ ತಲೆ ಚಚ್ಚಿಕೊಂಡಳು. ಕೇಳಿದ್ದರೆ ಅವರು ನಗುತ್ತಿದ್ದರೆಂದೂ ಗೊತ್ತಿತ್ತು.

ನರಸಿಂಹಮ್ಮ ಗುಬ್ಬಿಯಲ್ಲಿರಲಿಲ್ಲ. ಬಾಡಿಗೆಯ ಗೂಡು ಬಿಟ್ಟು ಹುತ್ರಿದುರ್ಗದ ಹತ್ತಿರ ತಮ್ಮನ ಮನೆಗೆ ಹೋಗಿದ್ದಳು. ಕುಣಿಗಲ್ಲಿನಲ್ಲಿ ಕೆಲಸಕ್ಕೆ ಸೇರಿದ ಎರಡನೇ ಭಾನುವಾರ ಸರ್ವಮಂಗಳ ಬಸ್ಸು ಹಿಡಿದು ಹೋದಳು. ಬೆಟ್ಟದ ಬುಡದಲ್ಲಿ ಬಸ್ಸಿಳಿದು, ರಾಗಿ ಹೊಲಗಳ ನಡುವೆ ಒಂದು ಮೈಲಿ ನಡೆದಳು. ಮನೆಯ ಮುಂದಿನ ಹೊಂಗೆ ಮರದ ಕೆಳಗೆ ನರಸಿಂಹಮ್ಮ ಕೂತಿದ್ದಳು. ಮಡಿಲಲ್ಲಿ ಅಲಸಂದೆಕಾಯಿ. ಬಿಡಿಸಿದ ಕಾಳೂ ಸಿಪ್ಪೆಯೂ ಒಂದೇ ಮೊರದಲ್ಲಿ ಬೀಳುತ್ತಿದ್ದವು.

"ಯಾರು?"

"ನಾನು ಅಜ್ಜಿ, ಮಂಗಳಿ."

ಮುದುಕಿಯ ಮುಖ ಅರಳಿತು. ಗಾಳಿಯಲ್ಲಿ ಕೈ ಚಾಚಿ ಅವಳ ಕೆನ್ನೆ ಹುಡುಕಿದಳು. "ಬಂದ್ಯಾ ಮಗ! ಬಿಸ್ಲಲ್ಲಿ ನಡ್ಕೊಂಡ್ ಬಂದ್ಯಾ? ಪಾಸಾದ್ಯಾ?"

"ಆದೆ ಅಜ್ಜಿ."

"ಎಷ್ಟ್ನೇದು?"

"ನಾನೇ ಮೊದಲ್ನೇದು."

"ಹಂಗಾದ್ರೆ ಬುಡು, ಅದೊಂದಾದ್ರೂ ಆಯ್ತಲ್ಲ."

ಸರ್ವಮಂಗಳ ಅತ್ತಳು. ಕ್ಷಮಿಸು ಎಂದು ಹೇಳಲೆಂದೇ ಬಂದಿದ್ದವಳು, ಅದರ ಬದಲು ಕೆಲಸದ ವಿಷಯ ಹೇಳಿದಳು. ನರಸಿಂಹಮ್ಮ ತಲೆಯಾಡಿಸುತ್ತ ಕೇಳಿದಳು. "ಕಸ ಗುಡಿಸಾಕೂ ಕಸ ಕಾಣ್ಬೇಕಲ್ಲ ಮಗ. ರಾಟೆ ಹಿಡಿ ಆದ್ರೆ ಕೈಗೆ ಗೊತ್ತಿತ್ತು" ಎಂದಳು. ಕುಣಿಗಲ್ಲಿನಲ್ಲಿ ರಾಟೆಗಳಿರಲಿಲ್ಲ.

ಅಷ್ಟರಲ್ಲಿ ತಮ್ಮನ ಹೆಂಡತಿ ಒಳಗಿನಿಂದ ಬಂದಳು. ಕೈಯಲ್ಲಿ ಚೀಲ ಹಿಡಿದ, ವಾಚು ಕಟ್ಟಿದ ಸರ್ವಮಂಗಳನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಕರ್ಕೊಂಡ್ ಹೋಗಾಕ್ ಬಂದಿದೀರಾ? ಗಂಟು ಕಟ್ಟಿಕೊಡ್ಲಾ? ನಮಗೂ ಇಲ್ಲಿ ಮೂರು ಮಕ್ಳವೆ."

ನರಸಿಂಹಮ್ಮನ ಕೈ ಅಲಸಂದೆಕಾಯಿಯ ಮೇಲೆ ನಿಂತಿತು. ಮುಖವನ್ನು ಸರ್ವಮಂಗಳನಿದ್ದ ಕಡೆಗೆ ತಿರುಗಿಸಿಕೊಂಡಳು.

ಸರ್ವಮಂಗಳ ಕುಣಿಗಲ್ಲಿನಲ್ಲಿ ಒಂದು ರೂಮಿನಲ್ಲಿದ್ದಳು. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುವಳು. ಕಣ್ಣಿಲ್ಲದ ಮುದುಕಿಯನ್ನು ಹಗಲೆಲ್ಲ ಆ ರೂಮಿನಲ್ಲಿ ಹೇಗೆ ಬಿಡುವುದು, ನೀರಿಗೆ ಬೀದಿಯ ಕೊನೆಗೆ ಹೋಗಬೇಕು, ಕಕ್ಕಸ್ಸು ಹಿತ್ತಲಿನಾಚೆ. ಇವೆಲ್ಲ ಒಂದೇ ಕ್ಷಣದಲ್ಲಿ, ಪುಸ್ತಕದಲ್ಲಿ ಕಲಿತ ಕ್ರಮದಲ್ಲೇ, ಅವಳ ತಲೆಯಲ್ಲಿ ಸಾಲಾಗಿ ನಿಂತವು.

"ಮುಂದಿನ ತಿಂಗಳು ಬರ್ತೀನಿ. ಬೇರೆ ಮನೆ ನೋಡ್ತಿದೀನಿ, ಸಿಕ್ಕಿದ ಕೂಡ್ಲೇ ಬಂದು ಕರ್ಕೊಂಡ್ ಹೋಗ್ತೀನಿ" ಎಂದಳು.

"ಹೂಂ, ನಿಂಗೆ ಅನುಕೂಲ ಆದಾಗ ಬಾ" ಎಂದಳು ನರಸಿಂಹಮ್ಮ. ಮತ್ತೆ ಕಾಯಿ ಬಿಡಿಸತೊಡಗಿದಳು. ತಮ್ಮನ ಹೆಂಡತಿ ಒಳಗೆ ಹೋದಳು.

ಮುಂದಿನ ತಿಂಗಳು ಕುಣಿಗಲ್ಲಿಗೆ ಎರಡನೇ ಯಂತ್ರ ಬಂತು. ಭಾನುವಾರಗಳೂ ಕೆಲಸಕ್ಕೆ ಹೋದವು. ಅದರ ಮುಂದಿನ ತಿಂಗಳು ಸರ್ವಮಂಗಳ ಎರಡು ಮನೆ ನೋಡಿದಳು, ಒಂಟಿ ಹೆಂಗಸಿಗೆ ಕೊಡುವುದಿಲ್ಲವೆಂದರು. ಮೂರನೆಯದನ್ನು ನೋಡಲಿಲ್ಲ. ಸಂಕ್ರಾಂತಿ ಹೊತ್ತಿಗೆ ಗುಬ್ಬಿಯ ಶೆಡ್ಡನ್ನೇ ಮುಚ್ಚಿದರು. ಯಂತ್ರದ ಹುರಿಯ ಮುಂದೆ ಕೈಯ ಹುರಿ ನಿಲ್ಲಲಿಲ್ಲ. ಹದಿನಾರು ಹೊಸೆದವರೂ ಹೊಸೆಯಲಾಗದವರೂ ಒಂದೇ ದಿನ ಮನೆಗೆ ಹೋದರು. ಮುಚ್ಚುವ ಪತ್ರವನ್ನು ಟೈಪು ಮಾಡಿಸಿದ್ದು ಸರ್ವಮಂಗಳನೇ, ಅದು ಅವಳ ಕೆಲಸವಾಗಿತ್ತು.

ಶಿವರಾತ್ರಿ ಕಳೆದ ಮೇಲೆ ಗಂಗಾಂಬಿಕೆ ಗುಬ್ಬಿಯಿಂದ ಬಸ್ಸಿನಲ್ಲಿ ಬಂದಳು. ಆಫೀಸಿನ ಬಾಗಿಲಲ್ಲಿ ನಿಂತು, ಯಂತ್ರದ ಸದ್ದಿನಲ್ಲಿ ಎರಡೆರಡು ಸಲ ಹೇಳಬೇಕಾಯಿತು. ನರಸಿಂಹಮ್ಮ ತೀರಿಹೋಗಿ ಒಂಬತ್ತು ದಿನವಾಗಿತ್ತು. ದಾರಿ ತಪ್ಪಿ ಬಾವಿಗೆ ಬಿದ್ದಳೆಂದು ಕೆಲವರು, ಬೇಕೆಂದೇ ಬಿದ್ದಳೆಂದು ಕೆಲವರು. ನಾಳೆ ತಿಥಿ. ಗುಬ್ಬಿಯಿಂದ ನಾಲ್ಕೈದು ಜನ ಹೋಗುತ್ತಿದ್ದಾರೆ.

"ನೀನು ಬತ್ತೀಯಾ?" ಎಂದಳು ಗಂಗಾಂಬಿಕೆ. ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಸರ್ವಮಂಗಳ ರಜೆಯ ಅರ್ಜಿ ತೆಗೆದುಕೊಂಡು ಕೂತಳು. ಹೆಸರು, ಹುದ್ದೆ, ತಾರೀಖು ಬರೆದಳು. ಮೃತರು ನಿಮಗೆ ಏನಾಗಬೇಕು ಎಂಬ ಜಾಗದಲ್ಲಿ ಪೆನ್ನು ನಿಂತಿತು. ಅಲ್ಲಿ ಬರೆಯುವ ಹಕ್ಕು ತನಗಿರುವ ಒಂದು ಪದವನ್ನು ಅವಳು ಬಹಳ ಹೊತ್ತು ಹುಡುಕಿದಳು. ಆಮೇಲೆ ಅರ್ಜಿಯನ್ನು ಮಡಿಸಿ ಡ್ರಾಯರಿಗೆ ಹಾಕಿ, ತಾಯಿಯನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು, ಮಧ್ಯಾಹ್ನದ ಪಾಳಿಯ ಹಾಜರಿ ತೆಗೆದುಕೊಳ್ಳಲು ವಾಪಸು ಬಂದಳು.